ತಯಾರಿಕೆ ನಿಂತ ಮೇಲೆ: ರೋಲು ಕ್ಯಾಮೆರಾಗಳ ರಿಪೇರಿ ಮತ್ತು ಬಾಳಿಕೆ

(ಜುಗೂಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



1976ರಲ್ಲಿ ಜಪಾನಿನ ಎರಡು ಕಂಪನಿಗಳು ಎರಡು ಕ್ಯಾಮೆರಾಗಳನ್ನು ಮಾರುಕಟ್ಟೆಗೆ ಬಿಟ್ಟವು. ಒಂದು ಕ್ಯಾನನ್ ಎಇ-1. ಅದರ ಹೊಟ್ಟೆಯಲ್ಲಿ ಪುಟ್ಟದೊಂದು ಮೈಕ್ರೊಪ್ರೊಸೆಸರ್ ಇತ್ತು. ಬೆಳಕು ಅಳೆದು ಅಪರ್ಚರ್ ಎಷ್ಟಿರಬೇಕೆಂದು ತಾನೇ ಲೆಕ್ಕ ಹಾಕುತ್ತಿತ್ತು. ಇನ್ನೊಂದು ಪೆಂಟಾಕ್ಸ್ ಕೆ-1000. ಅದರಲ್ಲಿ ಎಲ್ಲವನ್ನೂ ಕೈಯಿಂದಲೇ ಹೊಂದಿಸಬೇಕು. ಸೆಲ್ ಬೇಕಾಗಿದ್ದುದು ಮೀಟರಿನ ಮುಳ್ಳಿಗೆ ಮಾತ್ರ. ಸೆಲ್ ಸತ್ತರೂ ಫೋಟೊ ತೆಗೆಯಲು ಅಡ್ಡಿಯಿರಲಿಲ್ಲ. ಆಗ ಯಾರನ್ನು ಕೇಳಿದ್ದರೂ ಮುಂದಿನ ಕಾಲ ಎಇ-1ರದು ಎನ್ನುತ್ತಿದ್ದರು, ಅದು ಸುಳ್ಳೂ ಅಲ್ಲ. ಆದರೆ ಎಇ-1ರ ತಯಾರಿಕೆ 1984ಕ್ಕೆ ಮುಗಿಯಿತು. ಆ ಬಡಪಾಯಿ ಕೆ-1000 1997ರವರೆಗೂ ಕಾರ್ಖಾನೆಯಿಂದ ಹೊರಬರುತ್ತಲೇ ಇತ್ತು. ಈಗ ಎರಡೂ ಇಲ್ಲ. ಬಿಡಿಭಾಗ ಕೇಳಿದರೆ ಎರಡು ಕಂಪನಿಗಳೂ ಕೈಯಾಡಿಸುತ್ತವೆ. ಹುಟ್ಟಿಸಿದವರು ಕೈಬಿಟ್ಟ ಯಂತ್ರ ಎಷ್ಟು ದಿನ ಬದುಕುತ್ತದೆ, ಯಾವುದರ ಬಲದ ಮೇಲೆ ಬದುಕುತ್ತದೆ ಎಂಬುದು ಇಂದಿನ ಪ್ರಶ್ನೆ. ನನ್ನ ವಾದ ಇಷ್ಟೇ: ಹತ್ತು ವರ್ಷದ ಬಾಳಿಕೆಯನ್ನು ಕಾರ್ಖಾನೆ ಕೊಡಬಹುದು, ಐವತ್ತು ವರ್ಷದ ಬಾಳಿಕೆಯನ್ನು ರಿಪೇರಿಯವನೇ ಕೊಡಬೇಕು. ಆದ್ದರಿಂದ ಹಳೆಯ ಕ್ಯಾಮೆರಾ ಒಂದನ್ನು ತೂಗಿ ನೋಡುವಾಗ ಅದು ಎಷ್ಟು ಗಟ್ಟಿ ಎಂದು ಕೇಳುವುದಕ್ಕಿಂತ, ಅದರಲ್ಲಿ ನಮ್ಮ ಕೈಯಿಂದ ಮತ್ತೆ ಮಾಡಲಾಗದ ಭಾಗ ಯಾವುದು ಎಂದು ಕೇಳಬೇಕು.

ಈ ಮಾತನ್ನು ಕೃಷ್ಣೆಯ ದಂಡೆಯ ಜುಗೂಳದಲ್ಲಿ ಆಡುವುದಕ್ಕೆ ಕಾರಣವಿದೆ. ಹೊಳೆ ದಾಟಿ ಶಿರೋಳ ತಾಲ್ಲೂಕು ಹಿಡಿದು ಮುಂದೆ ಹೋದರೆ ಕೊಲ್ಹಾಪುರ. ಅಲ್ಲಿ ಆನಂದರಾವ್ ಮತ್ತು ಬಾಬುರಾವ್ ಎಂಬ ದಾಯಾದಿ ಸಹೋದರರು ನಾಟಕದ ಪರದೆಗಳಿಗೆ ಚಿತ್ರ ಬರೆಯುತ್ತಿದ್ದವರು, ಪೇಂಟರ್ ಎಂದೇ ಹೆಸರಾದವರು, ಸಿನಿಮಾದ ಗೀಳಿಗೆ ಬಿದ್ದರು. ಆನಂದರಾವ್ 1916ರಲ್ಲಿ ತೀರಿಕೊಂಡರು. ಬಾಬುರಾವ್ ವಿಷ್ಣುಪಂತ ದಾಮ್ಲೆಯವರನ್ನು ಜೊತೆಗೆ ಕಟ್ಟಿಕೊಂಡು ಕೆಲಸ ಮುಂದುವರಿಸಿ, 1918ರ ಸುಮಾರಿಗೆ ಸಿನಿಮಾ ಕ್ಯಾಮೆರಾವನ್ನು ಕೊಲ್ಹಾಪುರದಲ್ಲೇ ಮಾಡಿ ಮುಗಿಸಿದರು. ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿಯ ‘ಸೈರಂಧ್ರಿ’ 1920ರಲ್ಲಿ ತೆರೆಗೆ ಬಂತು. ಈ ಸಾಹಸದ ನೆನಪಿಗೆ ಆ ಊರಿನಲ್ಲಿ ಕ್ಯಾಮೆರಾದ ಸ್ಮಾರಕ ಸ್ತಂಭವೇ ಇದೆ. ಇದನ್ನು ಅಭಿಮಾನದ ಕತೆಯಾಗಿ ನಾವು ಸಾಕಷ್ಟು ಸಲ ಕೇಳಿದ್ದೇವೆ. ನನಗೆ ಅದರಲ್ಲಿ ಬೇಕಾದದ್ದು ಬೇರೆ. ಸಿನಿಮಾ ಕ್ಯಾಮೆರಾ ಅಂದರೆ ಫಿಲ್ಮನ್ನು ಒಂದು ಚೌಕಟ್ಟಿನಷ್ಟು ಎಳೆದು, ಅಲುಗದಂತೆ ಹಿಡಿದು, ಬೆಳಕು ಬಿಟ್ಟು, ಮತ್ತೆ ಎಳೆಯುವ ಕೆಲಸ. ಅದೂ ಸೆಕೆಂಡಿಗೆ ಹತ್ತಾರು ಸಲ. ಅಷ್ಟು ನಾಜೂಕಿನ ಯಂತ್ರವನ್ನು ಪರದೆ ಬರೆಯುವವರು ಮಾಡಲು ಆಗಿದ್ದು, ಅದರ ಕೆಲಸವೆಲ್ಲ ಕಣ್ಣಿಗೆ ಕಾಣುವಂಥದ್ದಾಗಿತ್ತು ಎಂಬುದರಿಂದ. ಹಲ್ಲು, ಕೊಕ್ಕೆ, ಸನ್ನೆ, ಸ್ಪ್ರಿಂಗು. ಕಂಡದ್ದನ್ನು ಮಾಡಬಹುದು, ಮಾಡಿದ್ದನ್ನು ರಿಪೇರಿಯೂ ಮಾಡಬಹುದು. ಕೇರಳದ ಆಲಪ್ಪುಳದಲ್ಲಿ 1940ರ ದಶಕದಲ್ಲಿ ಶುರುವಾದ ‘ವಾಗೀಶ್ವರಿ’ ಎಂಬ ಮರದ ಸ್ಟುಡಿಯೊ ಕ್ಯಾಮೆರಾದ ಮಾತೂ ಇದೇ. ಅದರ ಪೆಟ್ಟಿಗೆ ಕೆಟ್ಟರೆ ಬಡಿಗ ಸಾಕು. ಕೈಚಳಕ ಒಂದು ಕಸುಬಿನಿಂದ ಇನ್ನೊಂದಕ್ಕೆ ದಾಟುವುದು ಈ ಸೀಮೆಗೆ ಹೊಸದೇನಲ್ಲ. ಮಿರಜಿನಲ್ಲಿ ಸಿತಾರ, ತಂಬೂರಿ ಮಾಡುವ ಮನೆತನಗಳ ಹಿರೀಕರು ಆಯುಧ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು, ಕಿರ್ಲೋಸ್ಕರರು ನೇಗಿಲಿಗೆ ಬರುವ ಮೊದಲು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು.

ರಿಪೇರಿ ಎಂದ ಕೂಡಲೇ ನಮಗೆ ಕೆಟ್ಟ ಯಂತ್ರ ನೆನಪಾಗುತ್ತದೆ. ಇದು ತಪ್ಪು ಲೆಕ್ಕ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆ 1939ರ ಕಂಪನಿ. ಕಬ್ಬಿನ ಹಂಗಾಮು ಮುಗಿದ ಮೇಲೆ ಇಂಥ ಕಾರ್ಖಾನೆಗಳಲ್ಲಿ ಏನು ನಡೆಯುತ್ತದೆಂದು ಇಲ್ಲಿ ಕುಳಿತವರಲ್ಲಿ ಅನೇಕರಿಗೆ ನನಗಿಂತ ಚೆನ್ನಾಗಿ ಗೊತ್ತು. ಮಿಲ್ಲನ್ನು ಬಿಚ್ಚುತ್ತಾರೆ, ರೋಲರುಗಳ ಸವೆದ ಹಲ್ಲನ್ನು ಮತ್ತೆ ಸರಿಪಡಿಸುತ್ತಾರೆ, ಬೇರಿಂಗು ನೋಡುತ್ತಾರೆ, ಮತ್ತೆ ಜೋಡಿಸುತ್ತಾರೆ. ವರ್ಷವರ್ಷವೂ ಬಿಚ್ಚುತ್ತಾರಲ್ಲ, ಹಾಗಾದರೆ ಈ ಮಿಲ್ಲಿಗೆ ಬಾಳಿಕೆಯಿಲ್ಲ ಎಂದು ಯಾರೂ ಅನ್ನುವುದಿಲ್ಲ. ಬಿಚ್ಚುವುದರಿಂದಲೇ ಅದು ಬಾಳುತ್ತದೆ. ಕ್ಯಾಮೆರಾಕ್ಕೂ ಇದೇ ಓವರ್‌ಹಾಲಿಂಗ್ ಬೇಕು: ಬಿಚ್ಚಿ, ಒಣಗಿದ ಎಣ್ಣೆ ತೊಳೆದು, ಬೇಕಾದಲ್ಲಿ ಮಾತ್ರ ಹೊಸ ಎಣ್ಣೆ ಮುಟ್ಟಿಸಿ, ವೇಗಗಳನ್ನು ಅಳತೆಗೆ ತರುವುದು. ಜಪಾನಿನ ಹಳೆಯ ಕ್ಯಾಮೆರಾಗಳ ಮೇಲೆ ‘ಪಾಸ್ಡ್’ ಎಂಬ ಬಂಗಾರದ ಬಣ್ಣದ ಪುಟ್ಟ ಚೀಟಿ ಅಂಟಿರುವುದನ್ನು ಕೆಲವರು ನೋಡಿರಬಹುದು. 1954ರಲ್ಲಿ ಹುಟ್ಟಿದ ಜಪಾನಿನ ಕ್ಯಾಮೆರಾ ತಪಾಸಣಾ ಸಂಸ್ಥೆಯ ಮುದ್ರೆ ಅದು, ರಫ್ತಾಗುವ ಮಾಲಿಗೆ ಹಾಕುತ್ತಿದ್ದರು. ಜಪಾನಿ ಮಾಲಿಗೆ ಲೋಕದಲ್ಲಿ ಹೆಸರು ಬರಲು ಅದೂ ಒಂದು ಕಾರಣ. ಆದರೆ ಚೀಟಿ ಹೇಳುವುದು ಹಡಗು ಹತ್ತಿದ ದಿನದ ಸ್ಥಿತಿ. ನಲವತ್ತು ವರ್ಷ ಒಂದು ಸಲವೂ ಬಿಚ್ಚದೆ ಟ್ರಂಕಿನಲ್ಲಿಟ್ಟು, ಹೊರಗೆ ತೆಗೆದಾಗ ನಡೆಯಲಿಲ್ಲವೆಂದು ಕಂಪನಿಯನ್ನು ಬೈಯುವುದರಲ್ಲಿ ನ್ಯಾಯವಿಲ್ಲ.

ಶಟರಿನೊಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ವಾದದ ಜೀವ ಅಲ್ಲಿದೆ. ಕೆ-1000ದಂಥ ಕ್ಯಾಮೆರಾದಲ್ಲಿ ಫಿಲ್ಮಿನ ಮುಂದೆ ರಬ್ಬರು ಲೇಪಿಸಿದ ಬಟ್ಟೆಯ ಎರಡು ಪರದೆಗಳಿವೆ. ಗುಂಡಿ ಒತ್ತಿದಾಗ ಮೊದಲ ಪರದೆ ಓಡುತ್ತದೆ, ಎರಡನೆಯದು ಅದನ್ನು ಬೆನ್ನಟ್ಟುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಭಾಗ ಎಂದು ಹೊಂದಿಸಿದರೆ ಎರಡರ ನಡುವೆ ಉಳಿಯುವ ಸಂದು ಎರಡು-ಮೂರು ಮಿಲಿಮೀಟರು, ಅಷ್ಟೆ. ಆ ಸಂದು ಫಿಲ್ಮಿನ 36 ಮಿಲಿಮೀಟರು ಉದ್ದಕ್ಕೂ ಒಂದೇ ಅಗಲದಲ್ಲಿ ಸಾಗಬೇಕು. ಮೊದಲ ಪರದೆಯ ಉರುಳೆಯಲ್ಲಿ ಎಣ್ಣೆ ಒಣಗಿ ಅಂಟಾಯಿತೆನ್ನಿ. ಅದು ಕೊಂಚ ಹಿಂದೆ ಬೀಳುತ್ತದೆ, ಎರಡನೆಯದು ಅದನ್ನು ಹಿಡಿಯಲು ಬರುತ್ತದೆ, ದಾರಿಯ ಕೊನೆಗೆ ಸಂದು ಕಿರಿದಾಗುತ್ತದೆ. ಚಿತ್ರದ ಒಂದು ಅಂಚು ಕಪ್ಪಾಗುತ್ತದೆ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ದೋಷ ಒಮ್ಮೆಲೇ ಬಂದೆರಗುವುದಿಲ್ಲ. ಸಾವಿರದಲ್ಲೊಂದು ಇದ್ದದ್ದು ಮೊದಮೊದಲು ಕೊಂಚವೇ ತಪ್ಪುತ್ತದೆ, ಕಪ್ಪು-ಬಿಳುಪು ನೆಗೆಟಿವ್ ಅಷ್ಟನ್ನು ಸಲೀಸಾಗಿ ನುಂಗಿಕೊಳ್ಳುತ್ತದೆ, ನಡುವಿನ ವೇಗಗಳು ಇನ್ನೂ ಸರಿಯಾಗಿಯೇ ಇರುತ್ತವೆ. ಎರಡನೆಯದು, ದೋಷ ತನ್ನ ಗುರುತನ್ನು ಚಿತ್ರದಲ್ಲೇ ಬಿಟ್ಟು ಹೋಗುತ್ತದೆ. ಯಾವ ಅಂಚು ಕಪ್ಪಾಯಿತು ಎಂದು ನೋಡಿದ ಮಿಸ್ತ್ರಿಗೆ ಯಾವ ಪರದೆ ನಿಧಾನವೆಂದು ಕ್ಯಾಮೆರಾ ಬಿಚ್ಚುವ ಮೊದಲೇ ತಿಳಿಯುತ್ತದೆ. ಒಳ್ಳೆಯ ಮಿಸ್ತ್ರಿ ಉರುಳೆ ತೊಳೆಯುತ್ತಾನೆ. ಅವಸರದವನು ತೊಳೆಯದೆ ಸ್ಪ್ರಿಂಗನ್ನು ಎರಡು ಸುತ್ತು ಬಿಗಿ ಮಾಡಿ ಕೊಡುತ್ತಾನೆ. ಅದೂ ನಡೆಯುತ್ತದೆ, ಮುಂದಿನ ಬೇಸಗೆಯವರೆಗೆ.

ಎಇ-1ಕ್ಕೆ ಬರೋಣ. ಈ ಮಾದರಿಗೆ ವಯಸ್ಸಾದಂತೆ ಗುಂಡಿ ಒತ್ತಿದಾಗೆಲ್ಲ ಕೀರಲು ಸದ್ದೊಂದು ಬರತೊಡಗುತ್ತದೆ. ಶಟರು ಹೋಯಿತು, ಎಲೆಕ್ಟ್ರಾನಿಕ್ಸು ಹೋಯಿತು ಎಂದು ಎಷ್ಟೋ ಕ್ಯಾಮೆರಾಗಳನ್ನು ಮೂಲೆಗೆ ಹಾಕಿದ್ದುಂಟು. ಸದ್ದು ಬರುವುದು ಶಟರಿನಿಂದಲ್ಲ. ಒಳಗಿನ ಕನ್ನಡಿಯ ಬಡಿತವನ್ನು ತಡೆಯಲೆಂದು ಇಟ್ಟ ಪುಟ್ಟ ಹಲ್ಲುಚಕ್ರಗಳಲ್ಲಿ ಎಣ್ಣೆ ಒಣಗಿರುತ್ತದೆ. ಸರಿಯಾದ ಜಾಗಕ್ಕೆ ಹನಿಯಷ್ಟು ತೆಳು ಎಣ್ಣೆ ಮುಟ್ಟಿದರೆ ಸದ್ದು ನಿಲ್ಲುತ್ತದೆ. 1966ರ ಯಾಶಿಕಾ ಎಲೆಕ್ಟ್ರೊ 35ರದು ಇನ್ನೂ ಸ್ವಾರಸ್ಯ. ಹೆಸರಿನಲ್ಲೇ ಎಲೆಕ್ಟ್ರೊ ಇದೆ, ಅದನ್ನು ಸಾಯಿಸುವುದು ಮಾತ್ರ ರಬ್ಬರಿನ ಒಂದು ತುಣುಕು. ಒಳಗಿನ ಸನ್ನೆಯೊಂದು ಬಂದು ತಾಗುವಲ್ಲಿ ಮೆತ್ತಗಿರಲೆಂದು ಇಟ್ಟದ್ದು ಅದು. ಕಾಲಕಳೆದಂತೆ ಪುಡಿಯಾಗುತ್ತದೆ, ಸನ್ನೆ ಮುಟ್ಟಬೇಕಾದಲ್ಲಿ ಮುಟ್ಟುವುದಿಲ್ಲ, ಬೆಳಕಿನ ಲೆಕ್ಕವೆಲ್ಲ ತಪ್ಪುತ್ತದೆ. ಸರಿಯಿದ್ದ ಕ್ಯಾಮೆರಾದಲ್ಲಿ ಫಿಲ್ಮು ಮುಂದೆ ತಳ್ಳುವಾಗ ‘ಠಕ್’ ಎಂಬ ಸದ್ದು ಬರುತ್ತದೆ. ಆ ಸದ್ದಿಲ್ಲದಿದ್ದರೆ ರಬ್ಬರು ಹೋಗಿದೆ ಎಂದೇ ಅರ್ಥ. 1970ರಿಂದೀಚಿನ ಬಹುಪಾಲು ಜಪಾನಿ ಕ್ಯಾಮೆರಾಗಳ ಹಿಂಬಾಗಿಲಿನ ಅಂಚಿಗೆ ಬೆಳಕು ನುಸುಳದಂತೆ ಫೋಮು ಅಂಟಿಸಿರುತ್ತಾರೆ. ಅದೂ ಹೀಗೆಯೇ ಕರಗಿ ಡಾಂಬರಿನಂತಾಗುತ್ತದೆ. ಅದಕ್ಕಿಂತ ಹಳೆಯ ಕ್ಯಾಮೆರಾಗಳಲ್ಲಿ ಆ ಜಾಗದಲ್ಲಿ ಆಳವಾದ ತೋಡೂ ಉಣ್ಣೆಯ ಎಳೆಯೂ ಇರುತ್ತಿದ್ದವು. ಅವು ಇಂದಿಗೂ ಬೆಳಕು ತಡೆಯುತ್ತವೆ. ಒಟ್ಟಿನಲ್ಲಿ, ಲಕ್ಷಗಟ್ಟಲೆ ತಯಾರಾದ ಇಂಥ ಕ್ಯಾಮೆರಾಗಳ ವಾಡಿಕೆಯ ಕಾಯಿಲೆಗಳಲ್ಲಿ ಬಹುಪಾಲು ಒಣಗಿದ ಎಣ್ಣೆ, ಪುಡಿಯಾದ ರಬ್ಬರು, ಕರಗಿದ ಫೋಮು. ಇವುಗಳಲ್ಲಿ ಒಂದಕ್ಕೂ ಜಪಾನಿಗೆ ಪತ್ರ ಬರೆಯಬೇಕಾಗಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಎಲೆಕ್ಟ್ರಾನಿಕ್ ಕ್ಯಾಮೆರಾಗಳ ಕಾಯಿಲೆಯೂ ಎಣ್ಣೆ-ರಬ್ಬರಿನದೇ ಆದರೆ, ಕೈಯಿಂದ ನಡೆಯುವ ಕ್ಯಾಮೆರಾಕ್ಕೆ ಏನು ಹೆಚ್ಚುಗಾರಿಕೆ? ನ್ಯಾಯವಾದ ಪ್ರಶ್ನೆ. ಎಲೆಕ್ಟ್ರಾನಿಕ್ ಶಟರು ಹೊಸದಿದ್ದಾಗ ಯಾಂತ್ರಿಕ ಶಟರಿಗಿಂತ ನಿಖರ, ಅದರಲ್ಲಿ ಚಲಿಸುವ ಭಾಗಗಳೂ ಕಡಿಮೆ. 1980ರ ನಿಕಾನ್ ಎಫ್-3 ಇಂದಿಗೂ ಎಷ್ಟೋ ಜನರ ಕೈಯಲ್ಲಿ ದುಡಿಯುತ್ತಿದೆ. ಅದಲ್ಲದೆ ಯಾಂತ್ರಿಕವಾದದ್ದೆಲ್ಲ ರಿಪೇರಿಗೆ ಸುಲಭ ಎನ್ನುವುದೂ ಭ್ರಮೆ. ಕೊಡಾಕ್ ಕಂಪನಿ ಜರ್ಮನಿಯಲ್ಲಿ ಮಾಡಿದ ರೆಟಿನಾ ಕ್ಯಾಮೆರಾಗಳ 1950ರ ದಶಕದ ಮಾದರಿಗಳಲ್ಲಿ ಶಟರನ್ನು ಎಳೆದಿಡುವ ಹಲ್ಲುಪಟ್ಟಿಯೊಂದಿದೆ. ಅದರ ಹಲ್ಲು ಸವೆದರೆ ಇಡೀ ಕ್ಯಾಮೆರಾ ನಿಂತುಹೋಗುತ್ತದೆ, ಅಲ್ಲಿಗೆ ತಲುಪಲು ಅರ್ಧ ಕ್ಯಾಮೆರಾ ಬಿಚ್ಚಬೇಕು. ವ್ಯತ್ಯಾಸ ಇರುವುದು ಇದರ ಮುಂದೆ. ರೆಟಿನಾದ ಹಲ್ಲುಪಟ್ಟಿಯನ್ನು ಇಂದು ಹೊಸದಾಗಿ ಕೊರೆದು ಕೊಡುವವರಿದ್ದಾರೆ. ಹಳೆಯದನ್ನು ಮೇಜಿನ ಮೇಲಿಟ್ಟು ಅಳೆದರೆ ಹೊಸದು ಹೇಗಿರಬೇಕೆಂದು ಅದೇ ಹೇಳುತ್ತದೆ. ಎಇ-1ರ ಐಸಿ ಸುಟ್ಟುಹೋದರೆ ಅದನ್ನು ಅಳೆದು ಹೊಸದು ಮಾಡುವಂತಿಲ್ಲ. ಒಳಗೆ ಏನಿತ್ತೆಂದು ಹೊರಗಿನಿಂದ ಕಾಣುವುದಿಲ್ಲ. ಇನ್ನೊಂದು ಎಇ-1ರ ಹೊಟ್ಟೆ ಸೀಳಬೇಕು. ಹೀಗೆ ಒಂದನ್ನು ಕೊಂದು ಇನ್ನೊಂದನ್ನು ಉಳಿಸುವುದಕ್ಕೆ ಒಂದು ದಿನ ಕೊನೆಯಿದೆ. ಹಾಗೆಂದು ಎಲೆಕ್ಟ್ರಾನಿಕ್ ಕ್ಯಾಮೆರಾಗಳನ್ನು ಗುಜರಿಗೆ ಹಾಕಿರೆಂದು ನಾನು ಹೇಳುತ್ತಿಲ್ಲ. ಸೆಲ್ ಸೋರಿ ಹಸಿರುಗಟ್ಟಿದ ಪತ್ತಿ, ಬಿಟ್ಟುಹೋದ ಬೆಸುಗೆ, ಸತ್ತ ಕೆಪಾಸಿಟರು ಇವನ್ನೆಲ್ಲ ರೇಡಿಯೊ-ಟಿವಿ ರಿಪೇರಿ ಬಲ್ಲವರೇ ಸರಿಮಾಡಬಹುದು. ಅದರಾಚೆಗೆ ಒಂದು ಗೆರೆಯಿದೆ, ಗೆರೆ ಎಲ್ಲಿದೆಯೆಂದು ತಿಳಿದುಕೊಳ್ಳಬೇಕು ಎನ್ನುತ್ತಿದ್ದೇನೆ.

ಎರಡನೆಯ ಆಕ್ಷೇಪ ಹೆಚ್ಚು ಚೂಪಾದದ್ದು. ಹಳೆಯ ಕ್ಯಾಮೆರಾಗಳು ಗಟ್ಟಿ ಎಂದು ನಮಗೆ ಅನ್ನಿಸುವುದು ಉಳಿದವನ್ನು ಮಾತ್ರ ನೋಡುವುದರಿಂದ. ಕೆಟ್ಟು ಹೋದವು ಎಂದೋ ತಿಪ್ಪೆ ಸೇರಿವೆ, ಲೆಕ್ಕಕ್ಕೆ ಸಿಗುವುದಿಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ‘ನಮ್ಮಜ್ಜನ ಕ್ಯಾಮೆರಾ ಇನ್ನೂ ನಡೆಯುತ್ತದೆ’ ಎಂಬ ಮಾತು ಯಾವುದನ್ನೂ ಸಾಬೀತು ಮಾಡುವುದಿಲ್ಲ. ಅದಕ್ಕೇ ಈವರೆಗೆ ನಾನು ನಡೆಯುವ ಕ್ಯಾಮೆರಾಗಳನ್ನು ಸಾಕ್ಷಿಗೆ ಕರೆಯಲಿಲ್ಲ. ಎಫ್-3 ಒಂದನ್ನು ಕರೆದೆ, ಅದೂ ನನ್ನ ವಾದದ ವಿರುದ್ಧ. ಕರೆದದ್ದು ಕೆಟ್ಟವನ್ನು. ಯಂತ್ರ ಎಲ್ಲಿ ಕೆಟ್ಟಿತು, ಕೆಟ್ಟದ್ದನ್ನು ಯಾವ ಸಾಮಾನಿನಿಂದ ಸರಿಮಾಡಬಹುದು ಎಂಬ ವಿಚಾರಣೆಗೆ ಈ ಆಕ್ಷೇಪ ತಟ್ಟುವುದಿಲ್ಲ.

ಬಿಡಿಭಾಗದಷ್ಟೇ ಕಾಡುವುದು ಸೆಲ್ಲು. 1960, 70ರ ದಶಕದ ಅನೇಕ ಮೀಟರುಗಳು 1.35 ವೋಲ್ಟಿನ ಪಾದರಸದ ಸೆಲ್ಲಿಗೆಂದು ಮಾಡಿದವು. ಪಾದರಸ ವಿಷವೆಂದು ಆ ಸೆಲ್ಲುಗಳನ್ನು ನಿಲ್ಲಿಸಿದರು. ಅಮೆರಿಕದ ಕಾನೂನು ಬಂದದ್ದು 1996ರಲ್ಲಿ. ನಿಲ್ಲಿಸಿದ್ದು ಸರಿ. ಅದೇ ಅಳತೆಯ 1.5 ವೋಲ್ಟಿನ ಸೆಲ್ ಹಾಕಿದರೆ ಮುಳ್ಳು ಆಡುತ್ತದೆ, ಆದರೆ ಸುಳ್ಳು ಹೇಳುತ್ತದೆ: ಇರುವುದಕ್ಕಿಂತ ಹೆಚ್ಚು ಬೆಳಕಿದೆ ಎನ್ನುತ್ತದೆ. ಹೊಳೆಯಾಚೆಯ ಖಿದ್ರಾಪುರದ ಕೋಪೇಶ್ವರ ಗುಡಿಯ ಸ್ವರ್ಗಮಂಟಪದಲ್ಲಿ ನಿಂತು ಇಂಥ ಮೀಟರನ್ನು ನಂಬಿದರೆ ಏನಾದೀತು? ನಡುವೆ ಛಾವಣಿಯಿಲ್ಲದ ದುಂಡು ಆಕಾಶ, ಸುತ್ತ ಕರಿಕಲ್ಲಿನ ಕಂಬಗಳು. ಸರಿಯಿದ್ದ ಮೀಟರೇ ಅಲ್ಲಿ ಆಕಾಶದ ಬೆಳಕಿಗೆ ಮರುಳಾಗುತ್ತದೆ, ಇದು ಇನ್ನಷ್ಟು ಮರುಳಾಗುತ್ತದೆ. ಕಂಬದ ಕೆತ್ತನೆಯೆಲ್ಲ ಕಪ್ಪಿನಲ್ಲಿ ಮುಳುಗುತ್ತದೆ. ಪರಿಹಾರ ಔಷಧದಂಗಡಿಯಲ್ಲಿದೆ: ಕಿವಿ ಕೇಳಿಸದವರ ಯಂತ್ರಕ್ಕೆ ಹಾಕುವ 675 ನಂಬರಿನ ಸತು-ಗಾಳಿ ಸೆಲ್ಲು. ಅದರದು 1.4 ವೋಲ್ಟು, ಒಂದು ಉಂಗುರ ಕೂಡಿಸಿದರೆ ಗೂಡಿನಲ್ಲಿ ಕೂರುತ್ತದೆ, ಕೆಲವು ವಾರ ಬರುತ್ತದೆ. ಕೆ-1000ಕ್ಕೆ ಈ ತೊಂದರೆಯೇ ಇಲ್ಲ. ಅದರ ಮೀಟರಿಗೆ ಸ್ವಿಚ್ಚಿಲ್ಲ, ಲೆನ್ಸಿನ ಮುಚ್ಚಳ ತೆಗೆದಿಟ್ಟು ಮರೆತರೆ ಸೆಲ್ ಖಾಲಿ, ಅಷ್ಟು ಮಾತ್ರ.

ನಮ್ಮ ಹೊಳೆಸಾಲಿನ ಮಾತು ಬೇರೆಯಾಗಿಯೇ ಹೇಳಬೇಕು. 2005, 2019, 2021ರಲ್ಲಿ ಕೃಷ್ಣೆ ಈ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ನಾನು ನೆನಪಿಸಬೇಕಾಗಿಲ್ಲ. ಮುಳುಗಿದ ಕ್ಯಾಮೆರಾದ ಲೆನ್ಸಿನ ಚೂಡಿಗಳಿಗೆ ನುಣುಪು ರೇವೆ ಸೇರುತ್ತದೆ, ಉಕ್ಕಿನ ಸ್ಪ್ರಿಂಗಿಗೆ ತುಕ್ಕು ಹತ್ತುತ್ತದೆ. ಬೇಗ ಬಿಚ್ಚಿ ತೊಳೆದರೆ ಯಾಂತ್ರಿಕ ಕ್ಯಾಮೆರಾ ಉಳಿದೀತು. ಬಿಸಿಲಿಗಿಟ್ಟು ಒಣಗಿಸಿ ಮುಂದಿನ ತಿಂಗಳು ನೋಡೋಣವೆಂದರೆ ಅದೂ ಹೋಯಿತು. ಆದರೆ ಮಹಾಪೂರಕ್ಕಿಂತ ಹೆಚ್ಚು ಲೆನ್ಸುಗಳನ್ನು ತಿಂದಿರುವುದು ಪ್ರತಿ ವರ್ಷದ ಮಳೆಗಾಲದ ಥಂಡಿ. ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯಂತೆ ಹಬ್ಬುವ ಬೂಷ್ಟನ್ನು ಮೊದಲ ವರ್ಷದಲ್ಲೇ ಒರೆಸಿದರೆ ಗಾಜು ಉಳಿಯುತ್ತದೆ, ಬಿಟ್ಟರೆ ಅದು ಹೊರಚೆಲ್ಲುವ ಆಮ್ಲ ಲೇಪವನ್ನೂ ಗಾಜನ್ನೂ ತಿನ್ನುತ್ತದೆ. ಆ ಮೇಲೆ ಯಾವ ಮಿಸ್ತ್ರಿಯಿಂದಲೂ ಆಗದು. ಕ್ಯಾಮೆರಾವನ್ನು ಕಾಪಾಡಲೆಂದು ಕೊಟ್ಟ ಚರ್ಮದ ಚೀಲವೇ ಥಂಡಿ ಹಿಡಿದಿಟ್ಟು ಬೂಷ್ಟು ಬೆಳೆಸುತ್ತದೆ. ಚೀಲ ಬೇರೆ, ಕ್ಯಾಮೆರಾ ಬೇರೆ ಇಡಿ. ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ.

ಮೂರನೆಯ ಆಕ್ಷೇಪವನ್ನು ನೀವು ಆಗಲೇ ಮನಸ್ಸಿನಲ್ಲಿ ಕೇಳಿರುತ್ತೀರಿ: ಕ್ಯಾಮೆರಾ ಸರಿಮಾಡಿ ಏನು ಮಾಡುವುದು, ರೋಲು ಎಲ್ಲಿದೆ? ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ ‘ಇಂದು’ ಹೆಸರಿನಲ್ಲಿ ಫಿಲ್ಮು ಕೊಡುತ್ತಿದ್ದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಮುಚ್ಚಿಹೋಗಿದೆ. ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಆದರೂ ಕೊಡಾಕ್ ಹೆಸರಿನ ರೋಲು, ಇಂಗ್ಲೆಂಡಿನ ಇಲ್ಫೋರ್ಡ್ ರೋಲು ಇಂದೂ ತಯಾರಾಗುತ್ತಿವೆ. ದುಬಾರಿ, ನಿಜ. ಈ ದರದಲ್ಲಿ ಮದುವೆ ಸ್ಟುಡಿಯೊ ಮತ್ತೆ ರೋಲಿಗೆ ಮರಳುವುದಿಲ್ಲ, ಮರಳಬೇಕೆಂದು ನಾನು ಹೇಳುವುದೂ ಇಲ್ಲ. ಆದರೆ ಬಾಳಿಕೆಯ ಲೆಕ್ಕಕ್ಕೆ ಇಲ್ಲೊಂದು ಪಾಠವಿದೆ. 120 ರೋಲು 1901ರದು, 35 ಮಿಲಿಮೀಟರಿನ ಡಬ್ಬಿ 1934ರದು. ನೂರಾರು ಕಂಪನಿಗಳ ಕ್ಯಾಮೆರಾಗಳಿಗೆ ಒಗ್ಗುವುದರಿಂದ ಅವು ಇನ್ನೂ ಇವೆ. ಅವುಗಳ ಜಾಗಕ್ಕೆಂದು ಬಂದ 1982ರ ಡಿಸ್ಕ್, 1996ರ ಎಪಿಎಸ್ ಎರಡೂ ಸತ್ತವು. ಎಪಿಎಸ್ ಕ್ಯಾಮೆರಾ ಎಷ್ಟೇ ಚೆನ್ನಾಗಿದ್ದರೂ ಇಂದು ಅದು ಕಾಗದದ ಮೇಲೊತ್ತುವ ಭಾರ. ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್-3 ತಗಡಿನ ಡಬ್ಬಿಗಿಂತ ಸ್ವಲ್ಪ ಮೇಲು, ಅಷ್ಟೆ. ಆದರೂ 120 ರೋಲು ಹಾಕಿದರೆ ಇಂದಿಗೂ ಚಿತ್ರ ಕೊಡುತ್ತದೆ.

ಉಳಿದದ್ದು ಕೈಯ ಪ್ರಶ್ನೆ. ಪೆಂಟಾಕ್ಸ್ ಹೆಸರಿನ ಒಡೆತನದ ಕಂಪನಿ 2022ರಲ್ಲಿ ಮತ್ತೆ ಫಿಲ್ಮ್ ಕ್ಯಾಮೆರಾ ಮಾಡುವೆನೆಂದು ಹೊರಟಾಗ, ಹಲ್ಲುಚಕ್ರದಿಂದ ಫಿಲ್ಮು ತಳ್ಳುವ ಸನ್ನೆಯ ವಿದ್ಯೆಗಾಗಿ ನಿವೃತ್ತರಾದ ಹಳೆಯ ಎಂಜಿನಿಯರುಗಳ ನೆರವು ಪಡೆಯಬೇಕಾಯಿತು. 2024ರಲ್ಲಿ ಬಂದ ಪೆಂಟಾಕ್ಸ್ 17ರಲ್ಲಿ ಆ ಸನ್ನೆ ಇದೆ. ಮಾಡಿದ ಕಂಪನಿಯೇ ವಿದ್ಯೆ ಮರೆಯುವುದಾದರೆ, ಒಬ್ಬಂಟಿಯಾಗಿ ಮೇಜಿನ ಮುಂದೆ ಕುಳಿತ ಮಿಸ್ತ್ರಿಯ ವಿದ್ಯೆ ಅವನೊಂದಿಗೇ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಬೆಳಗಾವಿಯ ಉದ್ಯಮಬಾಗ, ಕೊಲ್ಹಾಪುರದ ಉದ್ಯಮನಗರಗಳಲ್ಲಿ ಲೇಥಿಗೆ ಕೊರತೆಯಿಲ್ಲ, ಊರೂರಿಗೆ ಮೊಬೈಲು ರಿಪೇರಿಯ ಹುಡುಗರಿದ್ದಾರೆ. ಮೊಬೈಲು ಬಿಚ್ಚುವವನಿಗೆ ಸೂಕ್ಷ್ಮ ಬೆಸುಗೆ ಗೊತ್ತು, ಚಿಮಟ ಹಿಡಿಯುವ ಕೈಯಿದೆ. ಗೊತ್ತಿಲ್ಲದ್ದು ಕೆಲವೇ ಸಂಗತಿಗಳು. ಜಪಾನಿ ಕ್ಯಾಮೆರಾದ ಕೂಡುಗೆರೆ ಸ್ಕ್ರೂಗಳು ನಾವು ಬಳಸುವ ಫಿಲಿಪ್ಸ್ ಅಳತೆಯವಲ್ಲ, ಜಿಸ್ ಎಂಬ ಜಪಾನಿ ಅಳತೆಯವು. ಫಿಲಿಪ್ಸ್ ಡ್ರೈವರ್ ಹಾಕಿ ತಿರುಗಿಸಿದರೆ ಸ್ಕ್ರೂವಿನ ತಲೆ ಕೆಡುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಶಟರಿಗೆ ಬಿಡಬಾರದು. ಪರದೆಯ ಬದಲು ಲೆನ್ಸಿನೊಳಗೇ ಕೂರುವ ಎಲೆಶಟರಿನ ತೆಳು ಪತ್ತಿಗಳು ಒಣಗಿಯೇ ಇರಬೇಕು, ಎಣ್ಣೆ ತಾಗಿದರೆ ಒಂದಕ್ಕೊಂದು ಅಂಟುತ್ತವೆ. ವೇಗ ಅಳೆಯಲು ದುಬಾರಿ ಯಂತ್ರವೂ ಬೇಡ. ಕೆಲವು ರೂಪಾಯಿಯ ಫೋಟೊ ಟ್ರಾನ್ಸಿಸ್ಟರ್ ಒಂದನ್ನು ಶಟರಿನ ಹಿಂದಿಟ್ಟು, ಮುಂದಿನಿಂದ ಟಾರ್ಚು ಬಿಟ್ಟು, ಅದರ ತಂತಿಯನ್ನು ಮೊಬೈಲಿನ ಮೈಕು ಸೇರುವ ಜಾಗಕ್ಕೆ ಕೊಟ್ಟರೆ, ಧ್ವನಿ ಮುದ್ರಿಸುವ ಆ್ಯಪಿನಲ್ಲಿ ಎರಡು ಮೊನೆಗಳು ಮೂಡುತ್ತವೆ: ಶಟರು ತೆರೆದದ್ದು ಒಂದು, ಮುಚ್ಚಿದ್ದು ಇನ್ನೊಂದು. ನಡುವಿನ ಅಂತರವೇ ವೇಗ. ಐಟಿಐ ಓದುವ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಇದನ್ನು ಮಾಡಬಲ್ಲರು. ಕ್ಯಾಮೆರಾ ಬಿಚ್ಚುವ ಮೊದಲು ಒಂದು ಸಲ, ಜೋಡಿಸಿದ ಮೇಲೆ ಒಂದು ಸಲ ಹೀಗೆ ಅಳೆದು ಎರಡು ಅಂಕಿಗಳನ್ನೂ ಪುಸ್ತಕದಲ್ಲಿ ಬರೆದಿಡುವುದರಿಂದ ಕಲಿಕೆ ಶುರುವಾಗಲಿ. ಮುಚ್ಚಿದ ಸ್ಟುಡಿಯೊಗಳ ಕಪಾಟಿನಲ್ಲಿ ಕಲಿಯಲು ಬೇಕಾಗುವಷ್ಟು ಕ್ಯಾಮೆರಾಗಳು ಇನ್ನೂ ಇವೆ.